ಗಂಜಿ ಹಾಕಿದ ನಾಲ್ಕು

ಕೆಸರಕ್ಕನಿಗೆ ಒಂದು ಗುಡ್ಡ ಬಾಕಿ ಇದೆ. ದುಡ್ಡಲ್ಲ, ಗುಡ್ಡ. ಎರಡು ವರ್ಷದ ಬಾಕಿ.

ಅವಳು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದವಳು. ಅಲ್ಲಿ ಆರು ಜನ, ಆರು ಜಾಗ. ಮಡಚುವ ಮೇಜು ಕಿಟಕಿಯ ಪಕ್ಕ, ಕೂತು ಮಾಡುವ ಕೆಲಸ. ನೆನೆಹಾಕುವ ತೊಟ್ಟಿ ನೆಲಮಾಳಿಗೆಯಲ್ಲಿ. ರಕ್ತ, ಕೀವು, ಹೇಲು ಎಲ್ಲ ಮೊದಲು ಇಳಿಯುವುದು ಅಲ್ಲಿಗೇ. ಮೊಣಕಾಲುದ್ದದ ಬೂಟು ಹಾಕಿಕೊಂಡು ದಿನವಿಡೀ ತಣ್ಣೀರಿನಲ್ಲಿ ನಿಲ್ಲಬೇಕು.

ಶನಿವಾರ ಮಧ್ಯಾಹ್ನ ಯಂತ್ರ ನಿಂತ ಮೇಲೆ ಆರೂ ಜನ ಮಡಚುವ ಮೇಜಿನ ಮೇಲೆ ಯುದ್ಧದಾಟ ಆಡುತ್ತಾರೆ. ಹರಿದ ಹಾಸುಬಟ್ಟೆಯ ಮೇಲೆ ಬರೆದ ನಕ್ಷೆ, ಕಿತ್ತುಬಂದ ಗುಂಡಿಗಳೇ ಸೈನಿಕರು, ಹೊಡೆದಾಟಕ್ಕೆ ದಾಳ. ಯಾರ ಪಡೆ ಎಲ್ಲಿಂದ ಹೊರಡಬೇಕೆಂದು ತಗಡಿನ ಡಬ್ಬಿಯಿಂದ ನೋಡದೆ ಎತ್ತುವ ಬಟ್ಟೆಯ ಚೀಟಿ ಹೇಳುತ್ತದೆ, ಒಂದರಿಂದ ಆರರವರೆಗೆ. ಒಂದು ಬಂದರೆ ಗುಡ್ಡ, ಮೇಲಿಂದ ಹೊಡೆಯುತ್ತಾ ಇಳಿಯಬಹುದು. ಎರಡು ಬಂದರೆ ಸೇತುವೆ. ನಾಲ್ಕು ಬಂದರೆ ಕೆಸರು, ಸರದಿಗೆ ಒಂದೇ ಮನೆ ನಡೆಯಬೇಕು.

ಮೇಲ್ವಿಚಾರಕನಿಗೂ ಈ ಡಬ್ಬಿ ಹಿಡಿಸಿತು. ಮೂರು ತಿಂಗಳಿಗೊಮ್ಮೆ ಕೆಲಸದ ಜಾಗ ಹಂಚುವುದಕ್ಕೂ ಅದನ್ನೇ ಇಟ್ಟ. ಅವನ ಪಟ್ಟಿಯಲ್ಲಿ ಒಂದು ಅಂದರೆ ಕಿಟಕಿಯ ಮೇಜು, ನಾಲ್ಕು ಅಂದರೆ ತೊಟ್ಟಿ.

"ನೀವೆಲ್ಲ ತಗೊಳ್ರಪ್ಪಾ, ಉಳಿದದ್ದು ನಂಗೆ" ಎಂದು ಇವಳು ಚಹಾ ಬಗ್ಗಿಸುತ್ತಾ ನಿಲ್ಲುತ್ತಿದ್ದಳು. ಉಳಿಯುತ್ತಿದ್ದದ್ದು ನಾಲ್ಕೇ. ಆಟದಲ್ಲೂ ನಾಲ್ಕು, ಪಟ್ಟಿಯಲ್ಲೂ ನಾಲ್ಕು. ಹಾಗೆ ಹೆಸರೇ ಕೆಸರಕ್ಕ ಆಯಿತು. ಹಣೆಬರಹ ಅಂದುಕೊಂಡು ಅವಳು ಕೆಸರಿನಲ್ಲೇ ಯುದ್ಧ ಕಲಿತಳು. ಮೊದಮೊದಲು ಕದಲುವುದಿಲ್ಲ. ಗುಡ್ಡದವನೂ ಸೇತುವೆಯವನೂ ಬಡಿದಾಡಿ ಸುಸ್ತಾದ ಮೇಲೆ ಮೆಲ್ಲಗೆ ಹೊರಡುತ್ತಾಳೆ. ದಾಳ ಕೈಹಿಡಿದರೆ ಎರಡನೆಯವಳಾಗುತ್ತಾಳೆ.

"ಏನ್ ತಲೆ ಅಕ್ಕಾ ನಿಂದು!" ಎನ್ನುತ್ತಿದ್ದ ಇಸ್ತ್ರಿಯವನು.

"ತಲೆ ಹಾಳಾಗ್ಲಿ, ಎರಡು ಕಾಲು ಕೊಡೋ."

ತಮಾಷೆಯಲ್ಲ ಅದು. ಇನ್ನು ಮೂರು ತಿಂಗಳು ನೀರಿನಲ್ಲಿ ನಿಂತರೆ ಮಂಡಿ ಮಡಿಸುವುದನ್ನೇ ಮರೆತುಬಿಡಿ ಎಂದು ಡಾಕ್ಟರು ಹೇಳಿದ್ದರು. ಸೋಮವಾರ ಮತ್ತೆ ಚೀಟಿ.

ಅದರ ಹಿಂದಿನ ಶನಿವಾರ, ಬಾಯ್ಲರ್ ನೋಡಿಕೊಳ್ಳುವ ಮಾವನ ಕೈಯೆಲ್ಲ ಎಣ್ಣೆ. "ನಂದೂ ನೀನೇ ತೆಗಿಯಮ್ಮಾ" ಅಂದ. ಎರಡು ವರ್ಷದಲ್ಲಿ ಮೊದಲ ಸಲ ಅವಳ ಕೈ ತುಂಬಿದ ಡಬ್ಬಿಗೆ ಹೋಯಿತು. ಐದು ಮೆತ್ತಗಿದ್ದವು, ಒಂದು ಸೆಟೆದಿತ್ತು. ಸೆಟೆದದ್ದನ್ನು ಹೊರಗೆಳೆದಳು. ನಾಲ್ಕು.

ಆಗ ನೆನಪಾಯಿತು. ಆಟ ಶುರುವಾದ ವಾರವೇ ನಾಲ್ಕರ ಮೇಲೆ ಚಹಾ ಚೆಲ್ಲಿತ್ತು. ಮನೆಗೊಯ್ದು ಒಗೆದವಳು ಇವಳೇ. ಒಗೆದವಳು ಸುಮ್ಮನಿರಬೇಕೋ ಬೇಡವೋ, ಗಂಜಿ ಹಾಕಿ ಇಸ್ತ್ರಿ ಮಾಡಿ ತಂದಿಟ್ಟಿದ್ದಳು.

"ಇದಕ್ಕೆ ಗಂಜಿ ಇದೆ" ಅಂದಳು. ಯಾರೂ ತಲೆ ಎತ್ತಲಿಲ್ಲ. ಬಟ್ಟೆ ಮುಟ್ಟಿಯೇ ಅನ್ನ ತಿನ್ನುವ ಬೆರಳುಗಳು ಎಲ್ಲರವೂ. "ನಿಮಗೆ ಗೊತ್ತಿತ್ತು."

ಇಸ್ತ್ರಿಯವನು ನಕ್ಷೆಯ ಸುಕ್ಕು ತೀಡಿದ. "ಗೊತ್ತಿಲ್ದೆ ಏನಕ್ಕಾ? ಹಾಕಿದವಳೇ ನೀನು. ಕೆಸರು ನಿಂಗೆ ಇಷ್ಟ ಅಂದ್ಕೊಂಡ್ವಿ."

"ತೊಟ್ಟಿನೂ ಇಷ್ಟ ಅಂದ್ಕೊಂಡ್ರಾ?"

ಬಾಯ್ಲರ್ ಮಾವ ಕೆಮ್ಮಿದ. "ಆಗಿದ್ದಾಯ್ತು ಬಿಡಮ್ಮಾ. ಆರಕ್ಕೂ ಗಂಜಿ ಹಾಕ್ಬಿಡು, ಸೋಮವಾರದಿಂದ ಎಲ್ಲರೂ ಸಮ."

"ಸಮವಂತೆ, ಸಮ! ಎಂಟು ಸಲ ಇಳಿದಿದ್ದೀನಿ ಮಾವ. ನೀವು ಒಬ್ಬೊಬ್ಬರೂ ಒಂದೊಂದ್ ಸಲ ಇಳಿದು ಹತ್ತಿ. ಆಮೇಲೆ ಸಮದ ಮಾತು."

ಕೂಗಲಿಲ್ಲ. ಕೂಗುವಷ್ಟು ತ್ರಾಣ ಉಳಿದಿರಲಿಲ್ಲ. ನಾಲ್ಕನ್ನು ಜೇಬಿಗೆ ಹಾಕಿಕೊಂಡು, ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದುಹೋದಳು.

ಸೋಮವಾರ ಮೇಲ್ವಿಚಾರಕ ಡಬ್ಬಿ ತೆರೆದರೆ ಐದೇ ಚೀಟಿ. ಕೆಸರಕ್ಕ ನಾಲ್ಕನ್ನು ಮೇಜಿನ ಮೇಲೆ, ಅಂಕಿ ಎಲ್ಲರಿಗೂ ಕಾಣುವಂತೆ ಇಟ್ಟಳು.

"ಇದನ್ನ ಕಣ್ಣು ಬಿಟ್ಕೊಂಡು ಯಾರಾದ್ರೂ ತಗೊಳ್ಳಿ. ಅಲ್ಲೀವರೆಗೆ ನಾನು ಡಬ್ಬಿಗೆ ಕೈ ಹಾಕಲ್ಲ."

"ನಿಯಮ ಹಾಗಿಲ್ಲಮ್ಮಾ" ಅಂದ ಮೇಲ್ವಿಚಾರಕ.

ಅವಳು ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು ಮಂಡಿ ಒತ್ತಿಕೊಂಡಳು. ನಾಲ್ಕು ಮೇಜಿನ ಮೇಲೇ ಬಿದ್ದಿತ್ತು. ಐದು ಜನ ತಮ್ಮ ತಮ್ಮ ಉಗುರು ನೋಡಿಕೊಳ್ಳುತ್ತಿದ್ದರು.

ನೀವೂ ಯಾವುದೋ ಡಬ್ಬಿಗೆ ಇಂಥವಳೊಬ್ಬಳಿಗಿಂತ ಮೊದಲು ಕೈ ಹಾಕಿದವರೇ. ಬೆರಳಿಗೆ ಸೆಟೆದದ್ದು ತಾಗಿತ್ತು, ಬಿಟ್ಟು ಪಕ್ಕದ್ದು ತೆಗೆದಿರಿ. ಅದೃಷ್ಟ ಅಂತ ಬೊಗಳೆ ಬಿಡಬೇಡಿ. ಆ ನಾಲ್ಕನ್ನು ಎತ್ತಿಕೊಳ್ಳಿ. ಬೂಟು ಬಾಗಿಲ ಹಿಂದೆ ಇದೆ.