ಅವ್ವನಿಗೆ ಹೇಳದೆ ಕುಡಿದ ಮುರುಗಲು

ಹುಬ್ಬಳ್ಳಿಯ ಡಾಕ್ಟರು ನನ್ನ ರಿಪೋರ್ಟನ್ನು ಎರಡು ಸಲ ಓದಿದರು. ಹೆಂಡತಿಯ ಬಸಿರು ಎರಡನೇ ಸಲ ನಿಲ್ಲದೆ ಹೋಗಿ ಆಗಷ್ಟೇ ಎರಡು ತಿಂಗಳಾಗಿತ್ತು. ಅಲ್ಲಿಯವರೆಗೆ ಪರೀಕ್ಷೆಗಳೆಲ್ಲ ಅವಳಿಗೇ ಆಗಿದ್ದವು. ನನ್ನ ವೀರ್ಯಾಣುಗಳ ಸಂಖ್ಯೆ ಸರಿಯಿದೆ, ಚಲನೆಯೂ ಪರವಾಗಿಲ್ಲ, ಆದರೆ ಒಳಗಿನ ವರ್ಣತಂತುಗಳ ಎಳೆಗಳು ಬಹಳ ಕಡೆ ತುಂಡಾಗಿವೆ ಎಂದರು. ಬಸಿರು ನಿಲ್ಲದಿರಲು ಅದೂ ಒಂದು ಕಾರಣವಿರಬಹುದಂತೆ.

ನಾನು ಬಸ್ ಡ್ರೈವರ್. ಶಿರಸಿ–ಯಲ್ಲಾಪುರ ದಾರಿಯಲ್ಲಿ ಎಂಜಿನ್ನಿನ ಕಾವಿನ ಪಕ್ಕ ಕೂತು, ದವಡೆಯಲ್ಲಿ ತಂಬಾಕು ಇಟ್ಟುಕೊಂಡು ಹನ್ನೊಂದು ವರ್ಷ ಕಳೆದಿದ್ದೆ. ಡಾಕ್ಟರು ಎರಡನ್ನೂ ಕೇಳಿ ಬರೆದುಕೊಂಡರು. ತಂಬಾಕು ಇವತ್ತೇ ಬಿಡಿ, ಹಣ್ಣು ಸೊಪ್ಪು ಹೆಚ್ಚು ತಿನ್ನಿ, ಅವುಗಳಲ್ಲಿರುವ ಆಂಟಿಆಕ್ಸಿಡೆಂಟ್ ಈ ಎಳೆಗಳನ್ನು ಕಾಯಬಹುದು, ಖಾತ್ರಿ ಕೊಡಲಾರೆ ಎಂದರು. ಹೊಸ ವೀರ್ಯಾಣು ತಯಾರಾಗಲು ಸುಮಾರು ಮೂರು ತಿಂಗಳು ಬೇಕು, ಆಮೇಲೆ ಮತ್ತೆ ನೋಡೋಣ ಎಂದೂ ಹೇಳಿದರು.

ಆ ಮೂರು ತಿಂಗಳು ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸಿದ್ದಾಪುರಕ್ಕೆ ಡ್ಯೂಟಿ ಬಿದ್ದರೆ ಮುರುಗಲ ಹಣ್ಣಿನ ಒಣಸಿಪ್ಪೆ ತರುತ್ತಿದ್ದೆ. ಶಿರಸಿ ಸಂತೆಯಲ್ಲಿ ನೆಲ್ಲಿಕಾಯಿ ಕಂಡರೆ ಚೀಲ ತುಂಬುತ್ತಿದ್ದೆ. ಸೀಟಿನ ಪಕ್ಕದ ಬಾಟಲಿಯಲ್ಲಿ ಕೆಂಪು ಮುರುಗಲ ನೀರು. ತಂಬಾಕಿಲ್ಲದ ಬಾಯಿಗೆ ನೆಲ್ಲಿಚೂರು. ಯಾರೋ ಹೇಳಿದರೆಂದು ಬೇರಿನ ಪುಡಿಯೊಂದನ್ನೂ ತಂದೆ. ಹೊಟ್ಟೆ ಉರಿದು ಡಾಕ್ಟರಿಗೆ ಫೋನ್ ಮಾಡಿದಾಗ, ಏನೆಂದು ಗೊತ್ತಿಲ್ಲದ ಪುಡಿ ಬಿಸಾಡಿ, ಒಳ್ಳೆಯದೂ ಅತಿಯಾದರೆ ಕೆಡುಕೇ ಎಂದು ಬೈದರು.

ಹೆಂಡತಿ ಎಲ್ಲ ನೋಡುತ್ತಿದ್ದಳು. ಒಂದು ಸಂಜೆ ಬಾಟಲಿ ತೊಳೆಯುತ್ತ ಕೇಳಿದಳು: "ನೀವು ಏನೇನೋ ಕುಡಿಯಾಕ ಹತ್ತೀರಿ. ಅತ್ತಿಯವರಿಗೆ ಯಾವಾಗ ಹೇಳ್ತೀರಿ?"

ಬನವಾಸಿ ಕಡೆಯಿಂದ ಬಂದು ನಮ್ಮ ಜೊತೆಗೇ ಇರುವ ಅವ್ವ, ಸೊಸೆಯ ಗರ್ಭಕ್ಕೆ ಬಲವಿಲ್ಲ ಎಂದೇ ನಂಬಿದ್ದಳು. ದಿನಾ ಬೆಳಿಗ್ಗೆ ಅವಳಿಗೆ ಕಹಿ ಕಷಾಯ ಕುಡಿಸುತ್ತಿದ್ದಳು. ಅವಳು ಕಣ್ಣು ಮುಚ್ಚಿ ಕುಡಿಯುವುದನ್ನು ಕಂಡೂ ನಾನು ಟಿಫಿನ್ ಡಬ್ಬಿ ಹಿಡಿದು ಡ್ಯೂಟಿಗೆ ಹೊರಟುಬಿಡುತ್ತಿದ್ದೆ. ಹೇಳಿದರೆ ನನ್ನ ಗಂಡಸುತನವೇ ಹೋದೀತು ಎಂಬ ಅಂಜಿಕೆ. ನಾಚಿಕೆಯೂ ಇತ್ತು.

ನನ್ನ ಚಿಕ್ಕಪ್ಪನ ಮಗಳ ಕುಬಸದ ದಿನ ನಾವು ಮೂವರೂ ಹೊರಡಲು ಸಿದ್ಧರಾಗಿದ್ದೆವು. ಹೆಂಡತಿ ಹಸಿರು ಸೀರೆ ಉಟ್ಟಿದ್ದಳು. ಬಾಗಿಲಲ್ಲಿ ಅವ್ವ ಅವಳನ್ನು ತಡೆದು, ಬಸುರಿಗೆ ಉಡಿ ತುಂಬುವ ಜಾಗಕ್ಕೆ ನೀನು ಬರುವುದು ಬೇಡ, ಜನ ಏನಾದರೂ ಅಂದಾರು ಎಂದಳು. ಹೆಂಡತಿ ಒಳಗೆ ಹೋಗಿ ಮುಡಿದ ಹೂ ತೆಗೆಯತೊಡಗಿದಳು.

ಅದನ್ನು ಮಾತ್ರ ನನ್ನಿಂದ ನೋಡಲಾಗಲಿಲ್ಲ.

"ಅವ್ವಾ, ಕೊರತಿ ಆಕೀದಲ್ಲ. ನಂದು," ಅಂದೆ. ಡಾಕ್ಟರು ಹೇಳಿದ್ದನ್ನು ತಡವರಿಸುತ್ತ ಪೂರ್ತಿ ಹೇಳಿದೆ.

ಅವ್ವ ಹೊಸ್ತಿಲ ಮೇಲೆ ಕೂತುಬಿಟ್ಟಳು. "ಇದನ್ನ ನನಗ ಹೇಳಾಕ ಇಷ್ಟು ದಿನ ಬೇಕಾತೇನು? ಆಕೀ ಬಾಯಾಗ ದಿನಾ ಕಹಿ ಹಾಕಿದ್ನಲ್ಲೋ," ಅಂದಳು. ಎದ್ದು ಒಳಗೆ ಹೋಗಿ ಸೊಸೆಯ ಕೈಯಿಂದ ಹೂ ಇಸಿದುಕೊಂಡು ತಾನೇ ಮುಡಿಸಿದಳು. ಕುಬಸಕ್ಕೆ ಮೂವರೂ ಹೋದೆವು. ಅಲ್ಲಿ ಹೆಂಡತಿ ನನ್ನೊಡನೆ ಮಾತಾಡಲಿಲ್ಲ; ಮುಂದೆ ಒಂದು ವಾರವೂ ಇಲ್ಲ. ನಾನು ಸುಮ್ಮನಿದ್ದ ದಿನಗಳನ್ನು ಅವಳು ಅಷ್ಟು ಸುಲಭಕ್ಕೆ ಮರೆಯುವವಳಲ್ಲ.

ಎರಡನೇ ಪರೀಕ್ಷೆಯಲ್ಲಿ ಎಳೆಗಳ ಹಾನಿ ಕಡಿಮೆಯಾಗಿತ್ತು. ಮುರುಗಲಿನಿಂದಲೋ ನೆಲ್ಲಿಯಿಂದಲೋ ಎಂದು ಕೇಳಿದೆ. ತಂಬಾಕು ಬಿಟ್ಟದ್ದರಿಂದಲೂ ಇರಬಹುದು, ಇಂಥದ್ದೇ ಎಂದು ಹೇಳಲಾಗದು ಎಂದು ಡಾಕ್ಟರು ನಕ್ಕರು.

ಈಗ ಹೆಂಡತಿಗೆ ಐದು ತಿಂಗಳು. ಹಿಂದೆ ಎರಡು ಸಲವೂ ಮೂರನೇ ತಿಂಗಳು ದಾಟಿರಲಿಲ್ಲ. ಆದರೂ ಡ್ಯೂಟಿಯಲ್ಲಿ ಫೋನ್ ಸದ್ದಾದರೆ ಮನೆಯದೇ ಇರಬೇಕೆಂದು ಅಂಜುತ್ತೇನೆ. ಬಸ್ಸು ನಿಂತ ಕೂಡಲೇ ಮನೆಗೆ ಫೋನ್ ಮಾಡುತ್ತೇನೆ. ಊಟ ಆಯ್ತು, ಮಲಗಿದ್ದೇನೆ, ಸುಮ್ಮನೆ ಗಾಡಿ ಹೊಡೆಯಿರಿ ಎಂದು ಬೈದು ಅವಳು ಫೋನ್ ಇಡುತ್ತಾಳೆ.