ಗೊಂಬೆ ಸೈನಿಕನ ಕಾಲು

ಗೆಳೆಯರೇ, ಮೇಜಿನ ಮೇಲೆ ಆಡುವ ಯುದ್ಧದಾಟಕ್ಕೆಂದು ನಾನು ಬಣ್ಣ ಬಳಿಯುವ ಬೆರಳುದ್ದದ ಪ್ಲಾಸ್ಟಿಕ್ ಸೈನಿಕರನ್ನು ಈ ಸಲ ಗಾಯಾಳುಗಳ ಪಡೆ ಮಾಡುತ್ತಿದ್ದೇನೆ. ಇವತ್ತು ಬೆಳಿಗ್ಗೆ ಒಬ್ಬನ ಕಾಲನ್ನು ಬ್ಲೇಡಿನಿಂದ ಕತ್ತರಿಸಿ ಕಸದ ಬುಟ್ಟಿಗೆ ಎಸೆದೆ. ಹೋದ ತಿಂಗಳಷ್ಟೇ ಶುಗರ್‌ನಿಂದ ಕಾಲು ಕಳೆದುಕೊಂಡ ಅಪ್ಪ ಪಕ್ಕದಲ್ಲೇ ಕೂತಿದ್ದರು.

“ಕಾಲನ್ನ ಕಸಕ್ಕೆ ಹಾಕ್ತಾರೇನ್ಲಾ? ನಂದೆಲ್ಲಿ ಹಾಕ್ದೆ?”

ಕತ್ತರಿಸಿದ ಕಾಲನ್ನು ಏನು ಮಾಡೋಣವೆಂದು ತುಮಕೂರಿನ ಆಸ್ಪತ್ರೆಯವರು ಕೇಳಿದಾಗ, ‘ನೀವೇ ವಿಲೇವಾರಿ ಮಾಡಿ’ ಎಂದು ಸಹಿ ಹಾಕಿದವನು ನಾನೇ.

“ಅಮೃತೂರಿನ ತೋಟ್ದಲ್ಲಿ ಹೂತಿದೀನಿ ಕಣಪ್ಪ,” ಎಂದೆ.

ಅಪ್ಪನ ಮುಖ ಸಡಿಲವಾಯಿತು. “ಯಾವ್ ಮರದ್ ಬುಡ್ದಲ್ಲಿ? ಭಾನ್ವಾರ ಕರ್ಕೊಂಡೋಗಿ ತೋರ್ಸು.”

ಅಷ್ಟರೊಳಗೆ ಹೋಗಿ ಒಂದು ತೆಂಗಿನಮರ ಆರಿಸಬೇಕು. ಬುಡದ ಮಣ್ಣು ಅಗೆದು ತಿಂಗಳಾದಂತೆ ಕಾಣಬೇಕು. ಗೊಂಬೆ ಸೈನಿಕರ ಕಾಲಡಿಯ ನೆಲಕ್ಕೆ ಹಳೆಯ ಮಣ್ಣಿನ ಕಳೆ ಕೊಟ್ಟು ಕೊಟ್ಟು ಆ ಕೈಚಳಕವೇನೋ ನನಗಿದೆ.