ಬೈಂಡು ಹಾಕಿದ ಇಪ್ಪತ್ತಮೂರು ಪುಸ್ತಕ

ಶಾಲೆಯ ಗ್ರಂಥಾಲಯ ನೋಡಿಕೊಳ್ಳುವ ಆಕೆಗೆ ಹಾಜರಿ ಪುಸ್ತಕದಲ್ಲಿ ಒಂದು ಹೆಸರಿತ್ತು. ಆದರೆ ಸ್ಟಾಫ್ ರೂಮಿನಲ್ಲಿ ಎಲ್ಲರ ಬಾಯಲ್ಲೂ ಆಕೆ 'ಏನಾದ್ರೂ-ಆದ್ರೆ ಮೇಡಂ'. ಕಿಟಕಿ ತೆರೆದಿಟ್ಟರೆ ಮಳೆ ನುಗ್ಗಿ ಏನಾದ್ರೂ ಆದ್ರೆ? ಮುಚ್ಚಿದರೆ ಗಾಳಿಯಾಡದೆ ಏನಾದ್ರೂ ಆದ್ರೆ? ಬೀರುವಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುವಳು. ಮೆಟ್ಟಿಲಿಳಿದವಳು ಮತ್ತೆ ಹತ್ತಿ ಬಂದು ನಾಲ್ಕನೆಯ ಸಲ ಎಳೆಯುವಳು. ನಾಲ್ಕು ವರ್ಷದ ಮಗಳಿಗೆ ಸುಡು ಬಿಸಿಲಿನಲ್ಲೂ ಸ್ವೆಟರು. "ಆ ಕೂಸಿಗೆ ಬೆವರುಸಾಲೆ ಎದ್ದಿರೋದು ಸೆಖೆಗಲ್ಲ ಕಣೇ, ನಿನ್ನ ಪ್ರೀತಿಗೆ," ಎಂದು ಅತ್ತೆ ನಗುತ್ತಿದ್ದರು.

ಹಾಗೆಂದು ಆಕೆಯನ್ನು ಹಗುರವಾಗಿ ಎಣಿಸುವಂತಿರಲಿಲ್ಲ. ಪುಸ್ತಕದ ವಿಷಯಕ್ಕೆ ಬಂದರೆ ಆಕೆಯದು ಅಕ್ಕಸಾಲಿಗನ ಕಣ್ಣು. ಪಾಠ ಮಾಡುವವರಿಗೆ ನೆರವಾಗುವ ಪುಸ್ತಕ ಆರಿಸಿ ತರಲು ಅಂಗಡಿಗೆ ಹೋದ ದಿನ, ಬೆಳಗಿನಿಂದ ಸಂಜೆವರೆಗೆ ನಿಂತೇ ಇದ್ದಳು. ಪ್ರಯೋಗಕ್ಕೆ ಬೇಕಾದ ಸಾಮಾನಿನ ಪಟ್ಟಿಯೇ ಒಂದು ಪುಟ ದಾಟಿದರೆ ಆ ಪುಸ್ತಕ ಅಲ್ಲೇ ಕೆಳಗೆ. 'ಮಕ್ಕಳಲ್ಲಿ ಕುತೂಹಲ ಮೂಡಿಸಿರಿ' ಎಂದು ಬರೆದು, ಹೇಗೆಂದು ಹೇಳದೆ ಮುಂದೆ ಹೋದದ್ದೂ ಕೆಳಗೆ. ಕೊನೆಗೆ ಉಳಿದದ್ದು ಇಪ್ಪತ್ತಮೂರು: ಕಾಗದ ಮಡಚಿ ಗಣಿತ ಕಲಿಸುವುದು, ಬಾಟಲಿ ದಾರಗಳಲ್ಲೇ ವಿಜ್ಞಾನ ಮುಗಿಸುವುದು, ನಕ್ಷೆ ಬರೆಯುವುದು, ಭಾಷೆಯ ಆಟ, ತರಗತಿಯ ಹಾಡು, ಹೀಗೆ. ಹದಿನೈದು ದಿನ ಇಟ್ಟುಕೊಂಡು ನೋಡಿ, ಬೇಡವಾದದ್ದನ್ನು ಹಿಂದಿರುಗಿಸಿ ಎಂದ ಅಂಗಡಿಯವರು ಒಂದೇ ಮಾತು ಸೇರಿಸಿದರು: ಕೊಳೆಯಾದದ್ದು ವಾಪಸಿಲ್ಲ.

ಹೆಡ್‌ಮಾಸ್ಟರು ತಮ್ಮದೊಂದು ಮಾತು ಸೇರಿಸಿದರು. "ನೋಡಮ್ಮ, ಟೀಚರುಗಳು ನಿಜವಾಗಿ ಬಳಸಿದ್ದು ಯಾವ್ಯಾವುದು ಅಂತ ಪಟ್ಟಿ ಕೊಡಿ. ಮುಂದಿನ ವಾರ ಬಿಟ್ಟು ಆಚೆ ಶನಿವಾರ, ನಾಲ್ಕು ಗಂಟೆಗೆ. ಇಲ್ದಿದ್ರೆ ಏಜೆಂಟು ತೋರಿಸಿ ಹೋದ ಆ ಹನ್ನೆರಡು ಸಂಪುಟದ ಟೀಚರ್ ಗೈಡಿನ ಸೆಟ್ಟೇ ತರಿಸಿಬಿಡೋಣ. ಬೀರುವಿಗೂ ಒಂದು ಕಳೆ ಬರುತ್ತೆ."

ಆ ಸೆಟ್ಟನ್ನು ಆಕೆ ನೋಡಿದ್ದಳು. ಬಂಗಾರದ ಅಕ್ಷರ, ಇಟ್ಟಿಗೆಯ ತೂಕ. ಗಣಿತದ ಸಂಪುಟದಲ್ಲಿ 'ಗಣಿತ' ಎಂಬುದನ್ನು ಅಳಿಸಿ 'ವಿಜ್ಞಾನ' ಎಂದು ಬರೆದರೆ ಎರಡನೆಯ ಸಂಪುಟ ತಯಾರು. ಅದು ಬಂದರೆ ಈ ವರ್ಷದ ಪುಸ್ತಕದ ದುಡ್ಡೆಲ್ಲ ಅದರ ಹೊಟ್ಟೆಗೆ. ತಾನು ಆರಿಸಿದ್ದರಲ್ಲಿ ಒಂದೂ ಉಳಿಯದು.

ಇದೆಲ್ಲ ಯೋಚಿಸಿ ಆಕೆ ಮಾಡಿದ್ದೇನು? ಭಾನುವಾರ ಇಡೀ ದಿನ ಕೂತು ಇಪ್ಪತ್ತಮೂರಕ್ಕೂ ದಪ್ಪ ಕಂದು ಕಾಗದದ ಬೈಂಡು ಹಾಕಿದಳು. ಪ್ರತಿಯೊಂದರ ಮೇಲೂ ಚೀಟಿ: ವಿಷಯ, ತರಗತಿ, ಕೆಳಗೆ ಕೆಂಪು ಶಾಯಿಯಲ್ಲಿ 'ಕೈ ತೊಳೆದು ಮುಟ್ಟಿ'.

"ಪುಸ್ತಕಕ್ಕೂ ಸ್ವೆಟರು ಹಾಕಿದ್ಯಲ್ಲೇ!" ಎಂದರು ಅತ್ತೆ.

ಸೋಮವಾರ ಸ್ಟಾಫ್ ರೂಮಿನ ಮೇಜಿನ ಮೇಲೆ ವಿಷಯವಾರು ಜೋಡಿಸಿ, ಪಕ್ಕದಲ್ಲಿ ಸಹಿ ಪುಸ್ತಕ ಇಟ್ಟು, ಅದಕ್ಕೆ ದಾರದಲ್ಲಿ ಪೆನ್ನು ಕಟ್ಟಿದಳು. ಒಂದು ವಾರ ಕಳೆಯಿತು. ಎರಡನೆಯ ವಾರದ ಗುರುವಾರವೂ ಬಂತು. ಸಹಿ ಪುಸ್ತಕ ಹಾಲಿನಷ್ಟು ಬಿಳಿ.

"ಸಾರ್, ನೀವಾದ್ರೂ ಒಂದು ನೋಡಿದ್ರಾ?" ಎಂದು ಗಣಿತದ ಮೇಷ್ಟ್ರನ್ನು ಕೇಳಿದಳು.

"ನೋಡಿದೆನಮ್ಮ, ದೂರದಿಂದ. ಈ ಕೈಯಲ್ಲಿರೋದು ಮೂವತ್ತು ವರ್ಷದ ಸೀಮೆಸುಣ್ಣ. ತೊಳೆದ್ರೆ ಹೋಗೋದಾ ಅದು? ನಿಮ್ಮ ಪುಸ್ತಕ ಮುಟ್ಟಬೇಕಂದ್ರೆ ಮನೆಗ್ಹೋಗಿ ಸ್ನಾನ ಮಾಡ್ಕೊಂಡು ಬರ್ಬೇಕು."

ಎಲ್ಲರೂ ನಕ್ಕರು. ಅದು ಸಾಲದೆಂಬಂತೆ ಸಂಜೆ ಎಣಿಸಿದಾಗ ಪುಸ್ತಕ ಇಪ್ಪತ್ತೆರಡೇ ಇದ್ದವು! ಮತ್ತೆ ಎಣಿಸಿದಳು. ಮೇಜಿನ ಕೆಳಗೆ, ಬೀರುವಿನ ಹಿಂದೆ, ಕೊನೆಗೆ ತನ್ನ ಊಟದ ಚೀಲದೊಳಗೂ ಹುಡುಕಿದಳು. ಕಾಗದ ಮಡಚುವ ಗಣಿತದ ಪುಸ್ತಕ ಕಾಣೆ.

ಶುಕ್ರವಾರ ಬೆಳಗ್ಗೆ ಅದು ಸಿಕ್ಕಿತು, ಡ್ರಾಯಿಂಗ್ ಟೀಚರ ಕೋಣೆಯಲ್ಲಿ. ಪುಸ್ತಕ ಅಂಗಾತ ಬಿದ್ದಿತ್ತು. ಪುಟ ಮಗುಚದಂತೆ ಮೇಲೊಂದು ಅಂಟಿನ ಬಾಟಲಿ. ಅಂಚಿನಲ್ಲಿ ನೀಲಿ ಬಣ್ಣದ ಐದು ಬೆರಳು.

"ಬೈಂಡೆಲ್ಲಿ ರೀ?" ಆಕೆ ಮೇಜಿನ ಸುತ್ತ ಹುಡುಕಿದಳು.

"ಅದಾ? ಒಳ್ಳೇ ಗಟ್ಟಿ ಕಾಗದ ರೀ! ಮೊದಲನೇ ಷಡ್ಭುಜ ಅದರಲ್ಲೇ ಮಾಡಿದ್ದು. ಅಲ್ನೋಡಿ, ನೇತು ಹಾಕಿದೀನಿ."

ಕಿಟಕಿಯ ಸರಳಿನಲ್ಲಿ ಕಂದು ಷಡ್ಭುಜ ತೂಗುತ್ತಿತ್ತು. ಅದರ ಒಂದು ಮೈಯಲ್ಲಿ ಕೆಂಪಾಗಿ 'ಕೈ ತೊಳೆದು' ಎಂದಷ್ಟೇ ಓದಬಹುದಿತ್ತು.

"ಇದು ಗಣಿತದ್ದಲ್ವಾ? ನಿಮ್ಮ ವಿಷಯಕ್ಕೆ ಬೇರೆ ಇಟ್ಟಿದ್ನಲ್ಲ."

"ಅದು ಚಿತ್ರ ನೋಡೋಕೆ ಚಂದ, ಮಾಡೋಕಲ್ಲ. ಇದು ಕೈಗೆ ಬಂತು, ಸಹಿ ಮಾಡೋಕೆ ಹೆದರ್ಕೊಂಡು ಕದ್ದು ತಂದೆ. ನಮ್ಮ ಮಕ್ಕಳು ಎರಡು ಪೀರಿಯಡ್ ಗಲಾಟೆ ಮಾಡ್ಲಿಲ್ಲ, ಗೊತ್ತಾ?"

'ಏನಾದ್ರೂ ಆದ್ರೆ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಕೆ ನುಂಗಿದಳು. ಪುಸ್ತಕವನ್ನು ಮುಚ್ಚಿ ತೆರೆದಳು. ಅದು ತಾನಾಗಿಯೇ ಅಂಟು ಮೆತ್ತಿದ ಪುಟಕ್ಕೆ ತೆರೆದುಕೊಂಡಿತು. ಹೆಡ್‌ಮಾಸ್ಟರು ಕೇಳಿದ ಪಟ್ಟಿಯ ಮೊದಲ ಸಾಲು ಅಲ್ಲಿತ್ತು.

"ಯಾವ ತರಗತಿ ಅಂದ್ರಿ?" ಎಂದು ಪೆನ್ನು ತೆಗೆದಳು.

ಊಟದ ಬಿಡುವಿಗೆ ಮುಂಚೆ, ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ, ಉಳಿದ ಇಪ್ಪತ್ತೆರಡರ ಬೈಂಡೂ ಕಿತ್ತಳು. ಒಂದೊಂದು ಸಲ ಪರ್‍ರೆಂದಾಗಲೂ ತನ್ನ ಚರ್ಮವೇ ಸುಲಿದಂತಾಯಿತು. ವಿಷಯದ ಚೀಟಿ ಹರಿದು ಬುಟ್ಟಿಗೆ ಹಾಕಿ, ಎಲ್ಲವನ್ನೂ ಬೆರೆಸಿ, ಚಹಾದ ಫ್ಲಾಸ್ಕಿನ ಪಕ್ಕದಲ್ಲೇ ಗುಡ್ಡೆ ಹಾಕಿದಳು. ಆಮೇಲೆ ಗ್ರಂಥಾಲಯಕ್ಕೆ ಹೋಗಿ, ಎದ್ದು ನೋಡಿ ಬರಬಾರದೆಂದು ಕುರ್ಚಿಯ ಅಂಚು ಹಿಡಿದು ಕೂತಳು.

ಶನಿವಾರ ಮಧ್ಯಾಹ್ನದೊಳಗೆ ಒಂಬತ್ತು ಪುಸ್ತಕ ಕೊಳೆಯಾಗಿದ್ದವು. ಹಾಡಿನ ಪುಸ್ತಕದ ತುಂಬ ಗಣಿತದ ಮೇಷ್ಟ್ರ ಸೀಮೆಸುಣ್ಣ. "ಮಗ್ಗಿಗೆ ರಾಗ ಸಿಕ್ತಮ್ಮ" ಎಂದರು, ಕೇಳುವ ಮೊದಲೇ. ನಕ್ಷೆಯ ಪುಸ್ತಕ ಪಿ.ಟಿ. ಮೇಷ್ಟ್ರ ಜೊತೆ ಮೈದಾನಕ್ಕೆ ಹೋಗಿ ಮಣ್ಣು ಮೆತ್ತಿಕೊಂಡು ಬಂದಿತ್ತು. ಅಲ್ಲಿ ಮಕ್ಕಳು ಸುಣ್ಣದಲ್ಲಿ ಬರೆದ ನದಿಗಳನ್ನು ಹಾರಿ ದಾಟುತ್ತಿದ್ದರು. ಆಕೆಗೆ ಎಲ್ಲಕ್ಕಿಂತ ಇಷ್ಟವಾಗಿದ್ದ ದಪ್ಪ ವಿಜ್ಞಾನದ ಪುಸ್ತಕವನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ.

ನಾಲ್ಕು ಗಂಟೆಗೆ ಪಟ್ಟಿಯೊಡನೆ ಪುಸ್ತಕಗಳನ್ನೂ ಹೊತ್ತು ಹೋದಳು. ಹೆಡ್‌ಮಾಸ್ಟರು ಒಂಬತ್ತನ್ನೂ ತಿರುವಿದರು, ಅಂಟು ಮೂಸಿದರು, ಮಣ್ಣು ಕೊಡವಿದರು.

"ಹದಿನೈದು ದಿನದಲ್ಲಿ ಇಷ್ಟಾ?"

"ಒಂದೂವರೆ ದಿನದಲ್ಲಿ ಸಾರ್. ಉಳಿದ ದಿನ ಯಾರೂ ಮುಟ್ಟದ ಹಾಗೆ ನಾನೇ ಕಾಪಾಡಿಬಿಟ್ಟೆ."

ಅವರು ನಗು ತಡೆಯಲು ಮೀಸೆ ನೀವಿಕೊಂಡರು. "ಸರಿ, ಸೆಟ್ಟಿನವರಿಗೆ ಬೇಡ ಅಂದುಬಿಡ್ತೀನಿ. ಬೀರುವಿನ ಕಳೆ ಹಾಗಿರಲಿ." ಹಿಂದಿರುಗಿಸಬೇಕಾದ ಕಟ್ಟಿನ ಮೇಲಿದ್ದ ದಪ್ಪ ವಿಜ್ಞಾನದ ಪುಸ್ತಕ ಎಳೆದುಕೊಂಡು, "ಇದೇನು, ತಟ್ಟೆ ನೀರಲ್ಲಿ ಮೇಣದಬತ್ತೀನಾ? ನಾನು ಪಾಠ ಮಾಡುವಾಗ ಇದನ್ನ..." ಎನ್ನುತ್ತಾ ಓದತೊಡಗಿದರು. ಓದುತ್ತಾ ಓದುತ್ತಾ, ಕಣ್ಣು ಎತ್ತದೆ, ತುಳುಕುವ ಚಹಾದ ಲೋಟವನ್ನು ಎದುರಿನ ಪುಟದ ಮೇಲೇ ಇಟ್ಟರು.

"ಸಾರ್! ಏನಾದ್ರೂ ಆದ್ರೆ..."

ಅವರು ಲೋಟ ಎತ್ತಿ ನೋಡಿದರು. ಪುಟದ ಮೇಲೆ ದುಂಡನೆಯ ಕಂದು ಉಂಗುರ.

"ಆಗೇ ಹೋಯ್ತಲ್ಲಮ್ಮ," ಎಂದರು. "ಬರ್ಕೊಳ್ಳಿ, ಹತ್ತನೇದು."